ಗಡಿಯ ಪಟಾಕಿ, ಕಾಯ್ದೆಯ ಕಾವಲು

ದೀಪಾವಳಿ ಹತ್ತಿರವಾದರೆ ಬೆಂಗಳೂರಿನ ಕಾರು, ಬೈಕುಗಳು ಹೊಸೂರು ರಸ್ತೆ ಹಿಡಿಯುತ್ತವೆ. ಅತ್ತಿಬೆಲೆಯಿಂದ ಗಡಿಯಾಚೆಯ ಜೂಜುವಾಡಿಯವರೆಗೆ ಹೆದ್ದಾರಿಯ ಬದಿಗೆ ಪಟಾಕಿ ಮಳಿಗೆಗಳು. ಸುರುಸುರುಬತ್ತಿ, ಹೂಕುಂಡ, ಭೂಚಕ್ರ, ರಾಕೆಟ್ಟುಗಳ ಡಬ್ಬಿಗಳನ್ನು ಜನ ಚೀಲಗಟ್ಟಲೆ ಹೊತ್ತು ಮರಳುತ್ತಾರೆ. ಎಲ್ಲರೂ ಕೇಳುವುದು ದರ ಎಷ್ಟೆಂದು. ಡಬ್ಬಿಯೊಳಗಿನ ಮದ್ದಿಗೆ ಒಪ್ಪಿಗೆ ಕೊಟ್ಟವರು ಯಾರು ಎಂದು ಕೇಳುವವರು ವಿರಳ. ಆ ಒಪ್ಪಿಗೆಯ ಹಿಂದೆ 140 ವರ್ಷಗಳಷ್ಟು ಹಳೆಯ ಕಥೆಯಿದೆ.

ಕಥೆ ಶುರುವಾಗುವುದು 1884ರ ಸ್ಫೋಟಕ ಕಾಯ್ದೆಯಿಂದ. ತೀರಾ ಅಪಾಯಕಾರಿ ಎನಿಸಿದ ಸ್ಫೋಟಕದ ತಯಾರಿಕೆ, ಸಂಗ್ರಹ, ಆಮದು ಮೂರನ್ನೂ ನಿಷೇಧಿಸುವ ಅಧಿಕಾರವನ್ನು ಅದರ ಆರನೇ ಸೆಕ್ಷನ್ ಸರ್ಕಾರಕ್ಕೆ ಕೊಟ್ಟಿತು. ಪಟಾಕಿಯೂ ಸ್ಫೋಟಕವೇ ಆದ್ದರಿಂದ ಈ ಕಾಯ್ದೆ ಅದಕ್ಕೂ ಅನ್ವಯಿಸಿತು. ಕಾಯ್ದೆಯನ್ನು ಜಾರಿಗೆ ತರುವ ಇಲಾಖೆ 1898ರಲ್ಲಿ ಹುಟ್ಟಿತು. ಇಂದು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ‘ಪೆಸೊ’ ಅದೇ ಇಲಾಖೆ.

ಇತ್ತ 1920ರ ದಶಕದ ಆರಂಭದಲ್ಲಿ ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಬೆಂಕಿಪೊಟ್ಟಣ ಮಾಡುವ ಕೆಲಸ ಕಲಿಯಲು ಕಲ್ಕತ್ತಕ್ಕೆ ಹೋದರು. ಮಳೆ ಕಡಿಮೆಯ ಆ ಊರಿನಲ್ಲಿ ಮೊದಲು ಬೆಂಕಿಪೊಟ್ಟಣ, ಬಳಿಕ ಪಟಾಕಿ ಕೈಹತ್ತಿತು. 1940ರ ಸ್ಫೋಟಕ ನಿಯಮಗಳು ಪಟಾಕಿ ಕಾರ್ಖಾನೆಗಳನ್ನು ಪರವಾನಗಿಯ ಚೌಕಟ್ಟಿಗೆ ತಂದವು. ಮಹಾಯುದ್ಧದಿಂದ ಹೊರಗಿನ ಸರಕು ನಿಂತಾಗ ಶಿವಕಾಶಿಗೆ ದೇಶದ ಮಾರುಕಟ್ಟೆ ತೆರೆಯಿತು. ಹೊಸೂರು, ಕೃಷ್ಣಗಿರಿಯ ಮಳಿಗೆಗಳಿಗೆ ಇಂದಿಗೂ ಮಾಲು ಬರುವುದು ಹೆಚ್ಚಾಗಿ ಅಲ್ಲಿಂದಲೇ.

ದೊಡ್ಡ ತಿರುವು ಬಂದದ್ದು 1992ರ ಜನವರಿಯಲ್ಲಿ. ಕ್ಲೋರೇಟಿನೊಂದಿಗೆ ಗಂಧಕ ಬೆರೆತ ಯಾವುದೇ ಸ್ಫೋಟಕವನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಬೆಂಕಿಕಡ್ಡಿಯ ತಲೆ, ಆಟದ ಪಿಸ್ತೂಲಿನ ಕೇಪಿನಂಥ ಅತ್ಯಲ್ಪ ಬಳಕೆಗೆ ಮಾತ್ರ ವಿನಾಯಿತಿ. ಕಾರಣ ರಸಾಯನದಲ್ಲಿದೆ. ನೈಟ್ರೇಟ್ ಬಳಸಿದ ಮದ್ದು ಹೊತ್ತಿಕೊಳ್ಳಲು ಸಾಕಷ್ಟು ಶಾಖ ಬೇಕು. ಕ್ಲೋರೇಟು, ಗಂಧಕ ಸೇರಿದರೆ ಉಜ್ಜಿದರೂ ಸಾಕು, ಪೆಟ್ಟು ಬಿದ್ದರೂ ಸಾಕು. ಗಂಧಕದಲ್ಲಿ ಆಮ್ಲದ ಅಂಶ ಉಳಿದಿದ್ದರೆ ಇಟ್ಟಲ್ಲಿಯೇ ಹೊತ್ತಿಕೊಳ್ಳಬಹುದು. ಲಾರಿಯಿಂದ ಪೆಟ್ಟಿಗೆ ಇಳಿಸುವ ಹಮಾಲಿಯ ಜೀವ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಚೀನಾದ ಅಗ್ಗದ ಪಟಾಕಿಯ ಮೇಲಿನ ಮುಖ್ಯ ತಕರಾರೂ ಇದೇ: ಅದರಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ ಎಂಬುದು. ಇಂದು ಪಟಾಕಿ ಆಮದಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕು, 2008ರ ಸ್ಫೋಟಕ ನಿಯಮಗಳಡಿ ಪೆಸೊದ ಅನುಮತಿಯೂ ಬೇಕು. ಅಧಿಕೃತ ಎಂದು ಒಪ್ಪದ ಮದ್ದನ್ನು ತರುವಂತಿಲ್ಲ, ಸಾಗಿಸುವಂತಿಲ್ಲ, ಮಾರುವಂತಿಲ್ಲ. ಆದರೂ ಕಳ್ಳದಾರಿ ಮುಚ್ಚಿಲ್ಲ. 2025ರಲ್ಲಿ ತೂತ್ತುಕುಡಿ ಬಂದರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ ಹಿಡಿದ ಕಂಟೇನರುಗಳಲ್ಲಿ ಎಂಜಿನಿಯರಿಂಗ್ ಸಾಮಗ್ರಿ ಎಂಬ ಹೆಸರಿನಲ್ಲಿ ಬಂದದ್ದು ಸುಮಾರು 5 ಕೋಟಿ ರೂಪಾಯಿಯ ಚೀನೀ ಪಟಾಕಿ.

ಸ್ಫೋಟದ ಪ್ರಶ್ನೆಯ ಬಳಿಕ ಹೊಗೆಯ ಪ್ರಶ್ನೆ ಬಂತು. 2015ರಲ್ಲಿ ದೆಹಲಿಯ ಮೂರು ಹಸುಗೂಸುಗಳ ಹೆಸರಿನಲ್ಲಿ ಅವರ ತಂದೆಯರು ಸುಪ್ರೀಂ ಕೋರ್ಟಿಗೆ ಹೋದರು. 2018ರ ಅಕ್ಟೋಬರ್ 23ರ ತೀರ್ಪು ಬೇರಿಯಂ ಲವಣ ಮತ್ತು ಸರಪಟಾಕಿಯನ್ನು ನಿಷೇಧಿಸಿತು, ಆನ್‌ಲೈನ್ ಮಾರಾಟ ನಿಲ್ಲಿಸಿತು, ಹಸಿರು ಪಟಾಕಿಗೆ ಮಾತ್ರ ಅವಕಾಶ ಕೊಟ್ಟಿತು. ಕಡಿಮೆ ಹೊಗೆಯ ಸೂತ್ರಗಳನ್ನು ನಾಗಪುರದ ‘ನೀರಿ’ ಸಂಸ್ಥೆ ರೂಪಿಸಿತು. ಡಬ್ಬಿಯ ಮೇಲೆ ಹಸಿರು ಲಾಂಛನ, ಕ್ಯೂಆರ್ ಕೋಡ್ ಬಂದವು. ಹಚ್ಚುವ ಹೊತ್ತು ಮಾತ್ರ ಗಡಿಯಲ್ಲಿ ಬದಲಾಗುತ್ತದೆ: ಕರ್ನಾಟಕದಲ್ಲಿ ರಾತ್ರಿ 8ರಿಂದ 10, ತಮಿಳುನಾಡಿನಲ್ಲಿ ಬೆಳಿಗ್ಗೆ 6ರಿಂದ 7 ಮತ್ತು ಸಂಜೆ 7ರಿಂದ 8.

ಹೀಗೆ ಬಂದರಿಗೆ, ಕಾರ್ಖಾನೆಗೆ, ಡಬ್ಬಿಗೆ ಕಾವಲು ಬಿತ್ತು. ಗೋದಾಮಿನಲ್ಲಿ ಅದು ಸಡಿಲವಾಯಿತು. 2023ರ ಜುಲೈ 29ರಂದು ಕೃಷ್ಣಗಿರಿಯ ಪಳಯಪೇಟೆಯಲ್ಲಿ ಪಟಾಕಿ ಗೋದಾಮಿದ್ದ ಕಡೆ ಸ್ಫೋಟವಾಗಿ ಅಕ್ಕಪಕ್ಕದ ಕಟ್ಟಡಗಳೂ ಕುಸಿದು 9 ಮಂದಿ ಸತ್ತರು. ಎರಡೂವರೆ ತಿಂಗಳೂ ಕಳೆದಿರಲಿಲ್ಲ, ಅಕ್ಟೋಬರ್ 7ರಂದು ಅತ್ತಿಬೆಲೆಯ ಮಳಿಗೆಯೊಂದರಲ್ಲಿ ಸರಕು ಇಳಿಸುವಾಗ ಬೆಂಕಿ ಹೊತ್ತಿತು. ಅಂದೇ 14 ಜೀವ ಹೋದವು, ಬಳಿಕ ಸಾವಿನ ಸಂಖ್ಯೆ ಇನ್ನೂ ಏರಿತು. ಸತ್ತವರಲ್ಲಿ ಹೆಚ್ಚಿನವರು ತಮಿಳುನಾಡಿನ ಯುವಕರು. ರಜೆಯಲ್ಲಿ ನಾಲ್ಕು ಕಾಸು ದುಡಿಯಲು ಧರ್ಮಪುರಿ ಜಿಲ್ಲೆಯ ಹಳ್ಳಿಯಿಂದ ಬಂದಿದ್ದ ವಿದ್ಯಾರ್ಥಿಗಳೂ ಅವರಲ್ಲಿದ್ದರು. ಆ ವಾರವೇ ಕರ್ನಾಟಕ ಸರ್ಕಾರ ಮದುವೆ, ಗಣೇಶೋತ್ಸವ, ರಾಜಕೀಯ ಮೆರವಣಿಗೆಗಳಲ್ಲಿ ಪಟಾಕಿ ನಿಷೇಧಿಸಿತು.

ನಿಯಮ ಇರಲಿಲ್ಲವೆಂದಲ್ಲ. ಹಬ್ಬದ ತಾತ್ಕಾಲಿಕ ಮಳಿಗೆಗಳ ನಡುವೆ 3 ಮೀಟರ್ ಅಂತರವಿರಬೇಕು, ಅವು ಎದುರುಬದುರು ಇರಕೂಡದು, ಒಂದೆಡೆ 50ಕ್ಕಿಂತ ಹೆಚ್ಚು ಮಳಿಗೆ ಇರಕೂಡದು ಎಂದು 2008ರ ನಿಯಮಗಳು ಹೇಳುತ್ತವೆ. ಕಾಯಂ ಮಳಿಗೆಯ ದಾಸ್ತಾನಿಗೂ ಕಿಲೋ ಲೆಕ್ಕದ ಮಿತಿಯಿದೆ. ಆ ಲೆಕ್ಕವನ್ನು ನಿಂತು ನೋಡುವವರು ಬೇಕು, ಅದೂ ಹಬ್ಬದ ಹಿಂದಿನ ದಿನವಲ್ಲ, ಲಾರಿಗಳು ಬರುವ ದಿನಗಳಲ್ಲಿ.

ಇಲ್ಲಿ ಎರಡು ರಾಜ್ಯ, ಎರಡು ಪೊಲೀಸ್ ಠಾಣೆ, ಎರಡು ಜಿಲ್ಲಾಡಳಿತ. ಕೊಳ್ಳುವವರು ಬೆಂಗಳೂರಿನವರು, ಹೊರುವವರು ಧರ್ಮಪುರಿ, ಕೃಷ್ಣಗಿರಿ ಕಡೆಯವರು. ಹೀಗಿರುವಾಗ ತಪಾಸಣೆ ಗಡಿಗೆರೆಯಲ್ಲಿ ನಿಲ್ಲಬಾರದು. ಬೆಂಗಳೂರು ನಗರ ಜಿಲ್ಲೆ ಮತ್ತು ಕೃಷ್ಣಗಿರಿ ಜಿಲ್ಲೆಯ ಅಧಿಕಾರಿಗಳು ಜೊತೆಯಾಗಿ ಗೋದಾಮುಗಳನ್ನು ನೋಡಬೇಕು. ಕೊಳ್ಳುವವರೂ ಲಾಂಛನ, ತಯಾರಕರ ಹೆಸರು, ಬಿಲ್ಲು ಕೇಳಿ ಪಡೆಯಬೇಕು. ಹೆಸರಿಲ್ಲದ ಡಬ್ಬಿಯಲ್ಲಿ ಉಳಿಯುವ ಹಣದ ಬೆಲೆಯನ್ನು ಅದನ್ನು ಹೊರುವ ಹುಡುಗ ತೆರುತ್ತಾನೆ. 1884ರಿಂದ ಈವರೆಗೆ ಬರೆದ ಪ್ರತಿ ನಿಯಮವೂ ಅವನಿಗಾಗಿಯೇ ಇದೆ. ಅದನ್ನು ಪಾಲಿಸುವುದು ನಾವು ಅವನಿಗೆ ಕೊಡಬೇಕಾದ ಕನಿಷ್ಠ ಮರ್ಯಾದೆ.