ಗಿಟಾರಿನ ಅಂಚುಪಟ್ಟಿ: ಶೋಭೆಯೂ ಹೌದು, ರಕ್ಷಣೆಯೂ ಹೌದು

ನಮ್ಮ ಅನೇಕ ಮನೆಗಳಲ್ಲಿ ಇಂದು ವೀಣೆ, ಹಾರ್ಮೋನಿಯಂಗಳ ಪಕ್ಕದಲ್ಲಿಯೇ ಗಿಟಾರಿಗೂ ಸ್ಥಾನ ದೊರೆತಿದೆ. ಅದರ ಒಡಲಿನ ಸುತ್ತ ಸಾಗುವ ತೆಳುವಾದ ಅಂಚುಪಟ್ಟಿ ಕೇವಲ ಅಲಂಕಾರವೆಂದು ನಾವು ಭಾವಿಸುವುದುಂಟು. ಆದರೆ ಸೀರೆಗೆ ಹೊಲಿಯುವ ಫಾಲ್ ಅಂಚು ಸವೆಯದಂತೆ ಕಾಯುವ ಹಾಗೆ, ಈ ಪಟ್ಟಿಯೂ ವಾದ್ಯವನ್ನು ಕಾಯುತ್ತದೆ.

ಗಿಟಾರಿನ ಮೇಲ್ಹಲಗೆ ಬಹುಮಟ್ಟಿಗೆ ಸ್ಪ್ರೂಸ್ ಎಂಬ ಮೃದು ಮರದ್ದು. ದಪ್ಪ ಸುಮಾರು 3 ಮಿ.ಮೀ. ಮಾತ್ರ. ಹಲಗೆಯನ್ನು ಕೊಯ್ದ ಕಡೆ ಮರದ ಎಳೆಗಳು ಬಾಯ್ದೆರೆದ ಸಣ್ಣ ಕೊಳವೆಗಳಂತಿದ್ದು, ಗಾಳಿಯ ತೇವವನ್ನು ಬೇಗನೆ ಹೀರುತ್ತವೆ, ಒಣಹವೆಯಲ್ಲಿ ಬೇಗನೆ ಬಿಡುತ್ತವೆ. ಹೀಗೆ ಹಿಗ್ಗುತ್ತ ಕುಗ್ಗುತ್ತ ಹಲಗೆ ಸೀಳಬಹುದು. ಪಟ್ಟಿಯು ಆ ತುದಿಗಳನ್ನು ಮುಚ್ಚುತ್ತದೆ. ಬಾಗಿಲಿಗೋ ಗೋಡೆಗೋ ತಗುಲಿದ ಪೆಟ್ಟನ್ನೂ ತಾನೇ ತಾಳಿಕೊಳ್ಳುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಕಾರ್ಖಾನೆಗಳು ಸೆಲ್ಯುಲಾಯ್ಡ್ ಪಟ್ಟಿಯನ್ನು ಹೇರಳವಾಗಿ ಬಳಸಿದವು. ಅದನ್ನು ಬಾಗಿಸುವುದು ಸುಲಭ. ಆದರೆ ದಶಕಗಳು ಕಳೆದಂತೆ ಅದು ಕುಗ್ಗಿ, ಗಿಟಾರಿನ ಸೊಂಟದ ಭಾಗದಲ್ಲಿ ಬಿಟ್ಟುಕೊಳ್ಳುತ್ತದೆ. ಆದುದರಿಂದ ಕೈಯಿಂದ ಗಿಟಾರು ತಯಾರಿಸುವ ಅನೇಕ ಕುಶಲಕರ್ಮಿಗಳು ಮೇಪಲ್, ಎಬನಿ ಅಥವಾ ಬೀಟೆಯ ಪಟ್ಟಿಯನ್ನೇ ನೆಚ್ಚುತ್ತಾರೆ.

ಮರವನ್ನು ಬಲದಿಂದ ಬಾಗಿಸಲಾಗದು, ಬಿಸಿಯಿಂದ ಬಾಗಿಸಬೇಕು. ಸುಮಾರು 2 ಮಿ.ಮೀ. ದಪ್ಪದ ಪಟ್ಟಿಯನ್ನು ತುಸು ತೇವಗೊಳಿಸಿ, ಕಾಯ್ದ ಲೋಹದ ಕೊಳವೆಗೆ ಒತ್ತುತ್ತಾರೆ. ದೋಸೆಯ ಹಂಚಿನ ಮೇಲೆ ನೀರು ಚಿಮುಕಿಸಿದಾಗ ಹನಿ ಚುರ್ರೆಂದು ಹಾರಿಹೋಗುವಂತೆ, ಈ ಕೊಳವೆಯೂ ಕಾಯ್ದಿರಬೇಕು. ಆ ಶಾಖಕ್ಕೆ ಎಳೆಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ದ್ರವ್ಯ ಮೆತ್ತಗಾಗಿ ಮರ ಮಣಿಯುತ್ತದೆ. ಆರಿದಾಗ ಹೊಸ ಆಕಾರದಲ್ಲಿಯೇ ಗಟ್ಟಿಯಾಗುತ್ತದೆ. ಬಿಗಿಯಾದ ತಿರುವುಳ್ಳ ಸೊಂಟವೇ ಇಲ್ಲಿ ಕಠಿಣ ಪರೀಕ್ಷೆ. ಅವಸರಿಸಿದರೆ, ವಿಶೇಷವಾಗಿ ಅಲೆಯಂತಹ ಎಳೆಗಳಿರುವ ಮೇಪಲ್ ಪಟ್ಟಿ, ಅಲ್ಲಿಯೇ ಮುರಿಯುತ್ತದೆ. ಬಾಗಿದ ಪಟ್ಟಿ ಸ್ವಲ್ಪ ಹಿಂದಕ್ಕೆ ಸರಿಯುವುದರಿಂದ ಅದನ್ನು ಅಚ್ಚಿನಲ್ಲಿ ಬಿಗಿದು ಒಣಗಿಸುತ್ತಾರೆ.

ಅನಂತರ ಒಡಲಿನ ಅಂಚಿನಲ್ಲಿ ಮೆಟ್ಟಿಲಿನಾಕಾರದ ತೋಡು ಕೊರೆದು, ಅಂಟಿಲ್ಲದೆ ಪಟ್ಟಿಯನ್ನು ಕೂರಿಸಿ ನೋಡುತ್ತಾರೆ. ಸಂದು ಉಳಿದರೆ ಅಂಟು ಅದನ್ನು ಮುಚ್ಚದು. ಅಂಟು ಬೇಗ ಬಿಗಿಯುವುದರಿಂದ ಕೆಲವೇ ಅಂಗುಲಗಳಿಗೆ ಹಚ್ಚಿ, ಒತ್ತಿ, ಟೇಪಿನಿಂದ ಬಿಗಿದು ಮುಂದೆ ಸಾಗುತ್ತಾರೆ. ಮರುದಿನ ಟೇಪು ತೆಗೆಯುವಾಗಲೂ ಎಚ್ಚರ ಬೇಕು. ಎಳೆದು ಕಿತ್ತರೆ ಸ್ಪ್ರೂಸಿನ ಎಳೆಗಳೂ ಎದ್ದುಬರುತ್ತವೆ. ಕೊನೆಗೆ ಉಕ್ಕಿನ ತಗಡಿನಿಂದ ಹೆರೆದು ಸಮಮಾಡುತ್ತಾರೆ.

ಈ ಕಸುಬಿಗೂ ಕನ್ನಡನಾಡಿಗೂ ನಂಟಿದೆ. ನಮ್ಮ ಪಶ್ಚಿಮಘಟ್ಟದಲ್ಲಿಯೂ ಬೆಳೆಯುವ ಬೀಟೆ ಜಗತ್ತಿನ ಗಿಟಾರುಗಳಲ್ಲಿ ನೆಲೆಸಿದೆ. ಬ್ರೆಜಿಲ್‌ನ ಬೀಟೆ ದುರ್ಲಭವಾದಾಗ ಅಮೆರಿಕದ ಮಾರ್ಟಿನ್ ಸಂಸ್ಥೆ 1969ರಲ್ಲಿ ಭಾರತದ ಬೀಟೆಯತ್ತ ಹೊರಳಿತು. 2017ರಲ್ಲಿ ಬೀಟೆಯ ಕುಲವಿಡೀ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿತು. 2019ರಲ್ಲಿ ಅದರ ಬಹುಪಾಲು ಪ್ರಭೇದಗಳಿಂದ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು.

ಮುಂಬಯಿ, ಚೆನ್ನೈಗಳ ತೇವದಲ್ಲಿ ವಾಸಿಸುವ ನಾವು ಮಕ್ಕಳಿಗೆ ಗಿಟಾರು ಕೊಳ್ಳುವಾಗ ಸೊಂಟದ ಬಳಿ ಅಂಚಿನುದ್ದಕ್ಕೂ ಉಗುರಾಡಿಸಿ ನೋಡುವುದು ಒಳಿತು. ಸಂದು ಸಿಕ್ಕಿದರೆ ಅದು ಬಿಡುವ ಸೂಚನೆ. ಕೊಂಡ ಮೇಲೆ ವಾದ್ಯವನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಬಿಸಿಯಿಂದ ಬಾಗಿದ ಮರದ ಅಂಟು ಬಿಸಿಗೇ ಸಡಿಲವಾಗುತ್ತದೆ.