ಬ್ಯಾಣದ ತೊಟ್ಟಿ ಫೋನ್ ಮಾಡಿತು

ಹೊಸನಗರದ ಸಮೀಪದ ಅಡಿಕೆ ಕೃಷಿಕರೊಬ್ಬರ ಜಗುಲಿಯಲ್ಲಿ ಕೂತಿದ್ದೆ. ಅವರ ಫೋನು ಒಮ್ಮೆ ರಿಂಗಾಗಿ ನಿಂತಿತು. ‘ತೊಟ್ಟಿ ಖಾಲಿಯಂತೆ’ ಎಂದು ಒಂದು ಗುಂಡಿ ಒತ್ತಿದರು. ಗುಡ್ಡದಾಚೆ ಹಳ್ಳದ ಪಂಪು ಶುರುವಾಯಿತು. ಅವರ ಮಲೆನಾಡು ಗಿಡ್ಡ ದನಗಳು ಮೇಯುವ ಬ್ಯಾಣದ ತೊಟ್ಟಿಗೆ ನೀರೇರತೊಡಗಿತು.

ಮೊಬೈಲ್ ಸ್ಟಾರ್ಟರ್ ಸಾಗರ, ತೀರ್ಥಹಳ್ಳಿಯ ತೋಟಗಳಿಗೆ ಹೊಸದಲ್ಲ. ರಾತ್ರಿ ತ್ರೀಫೇಸ್ ಬಂದಾಗ ಟಾರ್ಚ್ ಹಿಡಿದು ಹಳ್ಳಕ್ಕಿಳಿಯುವುದನ್ನು ಅದು ಎಂದೋ ತಪ್ಪಿಸಿದೆ. ಇಲ್ಲಿ ಹೊಸದೆಂದರೆ ತೊಟ್ಟಿಯೇ ಸುದ್ದಿ ಕೊಡುವುದು. ಬ್ಯಾಣದಲ್ಲಿ ನೆಟ್‌ವರ್ಕ್ ಇಲ್ಲ. ಫ್ಲೋಟ್ ಸ್ವಿಚ್ ಕೆಳಗಿಳಿದರೆ ಪಕ್ಕದ ಕಂಬದ ಲೋರಾ ರೇಡಿಯೊ ಗುಡ್ಡದ ನೆತ್ತಿಯ ಪೆಟ್ಟಿಗೆಗೆ ತಿಳಿಸುತ್ತದೆ. ಸಿಮ್ ಇರುವುದು ಅಲ್ಲಿ. ಲೈಸೆನ್ಸ್ ಬೇಡದ 865 ಮೆಗಾಹರ್ಟ್ಸ್ ಆಸುಪಾಸಿನ ತರಂಗ, ಅಡ್ಡಿಯಿಲ್ಲದಿದ್ದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ದಟ್ಟ ಕಾಡು ಅಡ್ಡ ಬಂದರೆ ಸೊರಗುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪಂಪಿನ ಬಳಿಯ ಪೆಟ್ಟಿಗೆ. ಅದು ನೀರನ್ನು ಮುಟ್ಟುವುದೇ ಇಲ್ಲ, ಆದರೂ ಹಳ್ಳದ ಗುಂಡಿ ಬತ್ತಿದ್ದನ್ನು ತಿಳಿಯುತ್ತದೆ. ನೀರೆತ್ತುವ ಮೋಟರಿಗೆ ಹೊರೆ ಇರುತ್ತದೆ. ನೀರು ತಪ್ಪಿ ಬರಿದೇ ತಿರುಗಿದಾಗ ಅದು ಎಳೆಯುವ ಕರೆಂಟು ಇಳಿಯುತ್ತದೆ. ಆ ಇಳಿತವನ್ನು ಹಿಡಿದು ಪೆಟ್ಟಿಗೆ ಮೋಟರ್ ನಿಲ್ಲಿಸುತ್ತದೆ. ಒಂದು ಫೇಸ್ ಹೋದರೂ ಹಾಗೆಯೇ, ಕಾಯಿಲ್ ಸುಡುವ ಮೊದಲೇ. ಫುಟ್‌ವಾಲ್ವನ್ನು ನೀರಿನಿಂದ ಎತ್ತಿಸಿ ಮತ್ತೆ ಮತ್ತೆ ನೋಡಿದೆ. ದೂರದಿಂದ ಪಂಪು ಹಾಕುವುದಕ್ಕಿಂತ ಇದೇ ದೊಡ್ಡ ಉಪಕಾರವೆಂದು ನನಗನ್ನಿಸುತ್ತದೆ.

ಮೇವಿನ ನೆಲದ ನೀರಿನ ಲೆಕ್ಕ ನಮ್ಮಲ್ಲಿ ಹಳೆಯದು. ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳನ್ನು ಮಳೆ, ಚಳಿ, ಬೇಸಿಗೆಗೆಂದು ವಿಂಗಡಿಸಿದ್ದರು. ಬೇಸಿಗೆಯವು ಹೆಚ್ಚಾಗಿ ಕೆರೆಯಂಗಳಗಳು. ದನವೇ ನೀರಿದ್ದಲ್ಲಿಗೆ ಹೋಗುತ್ತಿತ್ತು. ಈಗ ನೀರೇ ದನವಿದ್ದಲ್ಲಿಗೆ ಬರುತ್ತದೆ, ಹಾಗಾಗಿ ತೊಟ್ಟಿ ಕಾಯುವ ಕೆಲಸ. ಆಸ್ಟ್ರೇಲಿಯದ ಆನಾ ಕ್ರೀಕ್ ಗೋಮಾಳ ಇಡೀ ಶಿವಮೊಗ್ಗ ಜಿಲ್ಲೆಗಿಂತ ದೊಡ್ಡದು. ಅಂಥಲ್ಲಿ ತೊಟ್ಟಿ ನೋಡಿ ಬರಲು ದಿನವಿಡೀ ಜೀಪು ಓಡಿಸಬೇಕು. ಉಪಗ್ರಹದ ಮೂಲಕ ಸುದ್ದಿ ಕಳಿಸುವ ಸೆನ್ಸರ್‌ಗೆ ದುಡ್ಡು ಹಾಕುವುದು ಅವರಿಗೆ ಗಿಟ್ಟುತ್ತದೆ. ನಾಲ್ಕಾರು ಎಕರೆ ಬ್ಯಾಣದ ನಮ್ಮವರಿಗೆ ಅಷ್ಟು ಬೆಲೆಯ ಸಾಮಾನು ಬೇಡ ಎಂದೇ ನನ್ನ ಅನುಮಾನ.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರು ದಾಟುವ ಮಳೆ. ಅದೇ ತಾಲ್ಲೂಕಿನ ಹಳ್ಳಗಳೂ ಮಾರ್ಚಿಗೆ ಸೊರಗುತ್ತವೆ. ಪಂಪು ಸುಲಭವಾದಷ್ಟೂ ಗುಂಡಿ ಬೇಗ ಬರಿದಾಗುವ ಭಯವಿದೆ. ಹಾಗಾಗಿ ಈ ಕೃಷಿಕರು ಗುಂಡಿಯಲ್ಲೂ ಮಟ್ಟ ತೋರುವ ಸೆನ್ಸರ್ ಇಳಿಸಲಿದ್ದಾರೆ: ತೋಟಕ್ಕೆ ಎಷ್ಟು ಗಂಟೆ, ದನಕ್ಕೆಷ್ಟು ಎಂದು ಫೆಬ್ರವರಿಯಲ್ಲೇ ಹಂಚಿಡಲು. ಗುಡುಗು ಶುರುವಾದರೆ ಸಿಡಿಲಿನ ಭಯಕ್ಕೆ ಎಲ್ಲವನ್ನೂ ಕಳಚಿಡುತ್ತಾರೆ. ಸುಟ್ಟ ಬೋರ್ಡನ್ನು ರಿಪೇರಿ ಮಾಡುವ ಅಂಗಡಿಯೊಂದು ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಇದ್ದರೆ ಅಕ್ಕಪಕ್ಕದ ಮನೆಯವರೂ ಹಾಕಿಸಿಕೊಳ್ಳಲು ತಯಾರಿದ್ದಾರಂತೆ.