ಮತ್ತೆ ಜ್ವರ ಬಂತಾ?

ರಾತ್ರಿ ಎರಡು ಗಂಟೆ. ಮಗುವಿನ ಹಣೆ ಮುಟ್ಟಿದರೆ ಕಾದ ಹಂಚು. ಹೋದ ವಾರವಷ್ಟೇ ಜ್ವರ ಬಿಟ್ಟಿತ್ತಲ್ಲ ಅಂತ ಎದೆ ಧಸಕ್ ಅನ್ನುತ್ತೆ. ನೋಡಿ, ನಿಮ್ಮ ಆರೈಕೆಯಲ್ಲಿ ತಪ್ಪಿಲ್ಲ. ಅಂಗನವಾಡಿಗೋ ಪ್ಲೇಹೋಮ್‌ಗೋ ಹೊಸದಾಗಿ ಹೋಗುವ ಮಗುವಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ-ಜ್ವರ ಬರೋದು ಸಾಮಾನ್ಯ.

ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ಜ್ವರ. ಆದರೂ ಮಗು ಆಡ್ಕೊಂಡು, ಗಂಜಿ ಕುಡ್ಕೊಂಡು ಇದ್ದರೆ ಔಷಧಿಗೆ ಅವಸರವಿಲ್ಲ.

ಪ್ಯಾರಾಸಿಟಮಾಲ್ ಕೊಡೋ ಮುಂಚೆ ಲೈಟ್ ಹಾಕಿ, ಲೇಬಲ್ ಓದಿ. ದಯವಿಟ್ಟು ಓದಿ. ಒಂದು ಸಿರಪ್‌ನಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ, ಇನ್ನೊಂದರಲ್ಲಿ 250. ಡ್ರಾಪ್ಸ್‌ನಲ್ಲಾದರೆ ಒಂದೇ ಎಂಎಲ್‌ಗೆ 100! ಡೋಸ್ ಲೆಕ್ಕ ವಯಸ್ಸಿಗಲ್ಲ, ತೂಕಕ್ಕೆ: ಕಿಲೋಗೆ 15 ಮಿಲಿಗ್ರಾಂ. 10 ಕಿಲೋ ಮಗುವಿಗೆ 250ರ ಸಿರಪ್ ಬರೀ 3 ಎಂಎಲ್. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕೇ ಸಲ.

ಕಂಬಳಿ ಬೇಡ, ತೆಳ್ಳನೆ ಬಟ್ಟೆ ಸಾಕು.

ಗೋಡೆ ಕ್ಯಾಲೆಂಡರ್‌ನಲ್ಲಿ ಜ್ವರದ ದಿನಗಳನ್ನು ಗುರುತು ಹಾಕಿ, ಡಾಕ್ಟರಿಗೆ ತೋರಿಸಿ. ನೆಗಡಿ, ಕೆಮ್ಮು ಏನೂ ಇಲ್ಲದೆ ಬರೀ ಜ್ವರ ಬಂದರೆ ಮೂತ್ರದ ಸೋಂಕು ಇರಬಹುದು. ಮೂರ್ನಾಲ್ಕು ವಾರಕ್ಕೊಮ್ಮೆ ಗಡಿಯಾರ ಇಟ್ಟ ಹಾಗೆ, ಬಾಯಿಹುಣ್ಣು, ಕತ್ತಿನ ಗಂಟಿನ ಜೊತೆ ಬರುತ್ತಿದ್ದರೆ ಪಿಎಫ್‌ಎಪಿಎ ಅನ್ನೋ ತೊಂದರೆಯೂ ಇರಬಹುದು. ಇವೆಲ್ಲ ಹೊಳೆಯೋದು ಆ ಗುರುತುಗಳಿಂದಲೇ.

ಫಿಟ್ಸ್ ಬಂದರೆ, ಪಕ್ಕೆ ಒಳಗೆ ಸೆಳೆದು ಉಸಿರಾಡಿದರೆ, ಎಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ, ಎಬ್ಬಿಸಿದರೂ ಕಣ್ಣು ಬಿಡದಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ.